ಜಿಡ್ಡು ಉಳಿಯದ ನೀರಿಲ್ಲದ ಬಾಮ್

ಪ್ರಶ್ನೆ: ಜೇನುಮೇಣ, ಕೊಬ್ಬರಿ ಎಣ್ಣೆ, ಶಿಯಾ ಬೆಣ್ಣೆ (ಆಫ್ರಿಕಾದ ಶಿಯಾ ಬೀಜದ ಗಟ್ಟಿ ಕೊಬ್ಬು) ಸಮಸಮ ಹಾಕಿ ಬಾಮ್ ಮಾಡಿದೆ. ಕೈಯೆಲ್ಲ ಅಂಟಂಟು, ಒಳಗೆ ರವೆಯಂಥ ಕಾಳು. ಏನು ತಪ್ಪಾಗಿದೆ?
– ಓದುಗರು, ಕಲಬುರಗಿ

ಉತ್ತರ: ಅಂಟಿಗೆ ಮುಖ್ಯ ಕಾರಣ ಮೇಣ, ಮೂರನೇ ಒಂದು ಪಾಲು ಬಹಳವಾಯಿತು. 100 ಗ್ರಾಂ ಬಾಮಿಗೆ ಮೇಣ 14, ಶಿಯಾ 20, ಎಂಸಿಟಿ ಎಣ್ಣೆ (ಕೊಬ್ಬರಿ ಎಣ್ಣೆಯಂಥವುಗಳಿಂದ ಬೇರ್ಪಡಿಸಿದ, ಗಟ್ಟಿಯಾಗದ ಹಗುರ ಎಣ್ಣೆ) 37.5, ಕುಸುಬಿ ಎಣ್ಣೆ 20, ಕಾರ್ನ್‌ಫ್ಲೋರ್ 8, ವಿಟಮಿನ್ ಇ ಅರ್ಧ ಗ್ರಾಂ ಹಾಕಿ. ಜಿಡ್ಡು ಹೀರುವುದು ಕಾರ್ನ್‌ಫ್ಲೋರ್. ನಿಮ್ಮ ಕಡೆಯ ಕುಸುಬಿ ಎಣ್ಣೆ ಚರ್ಮಕ್ಕೆ ಬಲು ಹಗುರ, ಆದರೆ ಬೇಗ ಕಮಟುತ್ತದೆ, ತಾಜಾದ್ದನ್ನೇ ತನ್ನಿ.

ಮೇಣ, ಎಂಸಿಟಿ ಎರಡನ್ನೂ ಬಿಸಿನೀರಿನ ಪಾತ್ರೆಯ ಮೇಲಿಟ್ಟು 75 ಡಿಗ್ರಿಯಲ್ಲಿ ಕರಗಿಸಿ, ಇಳಿಸಿ, ಉಳಿದ ಎಣ್ಣೆ-ಬೆಣ್ಣೆ ಬೆರೆಸಿ. ಸ್ವಲ್ಪ ಆರಿದ ಮೇಲೆ ವಿಟಮಿನ್ ಇ, ಜರಡಿ ಹಿಡಿದ ಕಾರ್ನ್‌ಫ್ಲೋರ್ ಹಾಕಿ, ಪಾತ್ರೆಯನ್ನು ಐಸ್‌ನೀರಿನಲ್ಲಿಟ್ಟು ತಿರುವುತ್ತಲೇ ಇರಿ. ಚಮಚದ ಗೆರೆ ಕ್ಷಣಕಾಲ ನಿಲ್ಲುವಷ್ಟು ದಪ್ಪವಾದೊಡನೆ ಡಬ್ಬಿಗೆ ಸುರಿಯಿರಿ. ತಾನಾಗಿ ಆರಲು ಬಿಟ್ಟರೆ ಶಿಯಾ ಕಾಳುಗಟ್ಟುತ್ತದೆ (ನಿಮ್ಮ ರವೆ ಅದೇ), ಪುಡಿ ತಳ ಸೇರುತ್ತದೆ.

40 ಡಿಗ್ರಿ ದಾಟುವ ಬೇಸಿಗೆಗೆ ಮೇಣ 18 ಮಾಡಿ, ಎಂಸಿಟಿ 4 ಗ್ರಾಂ ಇಳಿಸಿ.

ಬಾಮ್ ಚರ್ಮಕ್ಕೆ ನೀರು ಕೊಡುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ. ಸ್ನಾನವಾದ ಕೂಡಲೇ ಹಸಿಮೈಗೆ ಕಡಲೆಕಾಳಿನಷ್ಟು ಸವರಿ. ಒದ್ದೆ ಬೆರಳು ಮಾತ್ರ ಡಬ್ಬಿಗೆ ಹಾಕಬೇಡಿ, ಬೂಸು ಹಿಡಿಯುತ್ತದೆ. ವಿಟಮಿನ್ ಇ ಅದನ್ನು ತಡೆಯದು.