ಚೀಟಿಯಲ್ಲಿ ಬರೆಯದೆ ಉಳಿದದ್ದು

ಗಂಗಾವತಿ ಹತ್ತಿರದ ಊರೊಂದರ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ಕಳೆದ ವರ್ಷ ಕೊಪ್ಪಳದ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಅನ್ನತೊಡಗಿತು. ಉಸಿರು ಕಟ್ಟಿತು, ಬೆರಳು ಜುಮ್ಮೆಂದವು, ಇಲ್ಲೇ ಸಾಯುತ್ತೇನೆ ಅನಿಸಿತು. ಎರಡು ಸಲ ಇಸಿಜಿ, ಒಂದು ಸಲ ಎಕೋ ಮಾಡಿಸಿದೆವು. ಹೃದಯ ಚೆನ್ನಾಗಿದೆ ಅಂದರು. ಮನೋವೈದ್ಯರು ಪ್ಯಾನಿಕ್ ಅಟ್ಯಾಕ್ ಎಂದು ಮಾತ್ರೆ ಕೊಟ್ಟರು. ಈಗ ಕಡಿಮೆಯಾಗಿದೆ. ಆದರೆ ಬಸ್ ಹತ್ತಲು ಧೈರ್ಯವಿಲ್ಲ. ಯಜಮಾನರೇ ಬೈಕಿನಲ್ಲಿ ಶಾಲೆಗೆ ಬಿಡುತ್ತಾರೆ. ಬ್ಯಾಗಿನಲ್ಲಿ ನೀರಿನ ಬಾಟಲಿ, ಮಾತ್ರೆ ಇಲ್ಲದೆ ಕಿರಾಣಿ ಅಂಗಡಿಗೂ ಹೋಗುವುದಿಲ್ಲ. ಅತ್ತೆ ತಾಯತ ಕಟ್ಟಿಸಿದ್ದಾರೆ. ಮಾತ್ರೆ ಬಿಟ್ಟರೆ ಬೇರೆ ದಾರಿಯೇ ಇಲ್ಲವೇ? ನಾನು ಅಷ್ಟು ದುರ್ಬಲಳೇ?"

ತಾಯಿ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನೀವು ದುರ್ಬಲರಲ್ಲ. 1871ರಲ್ಲಿ ಡಾಕೋಸ್ಟಾ ಎಂಬ ಅಮೆರಿಕದ ವೈದ್ಯರು ತಮ್ಮ ದೇಶದ ಅಂತರ್ಯುದ್ಧದಲ್ಲಿ ಕಾದಾಡಿದ ಸೈನಿಕರ ಬಗ್ಗೆ ಬರೆದರು. ಎದೆ ಬಡಿತ, ಎದೆ ನೋವು, ಉಸಿರಿನ ಸಂಕಟ, ಎಲ್ಲ ಇತ್ತು. ಹೃದಯ ಪರೀಕ್ಷಿಸಿದರೆ ಕಾಯಿಲೆ ಮಾತ್ರ ಕಾಣುತ್ತಿರಲಿಲ್ಲ. ತೋಪಿನ ಮುಂದೆ ನಿಂತ ಗಂಡಸರನ್ನು ಯಾರೂ ದುರ್ಬಲರು ಅನ್ನುವುದಿಲ್ಲ ಅಲ್ವಾ?

ಮಾತ್ರೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದರಿಂದ ನಿಮಗೆ ಉಪಯೋಗವಾಗಿದೆ, ಅದನ್ನು ಕೊಟ್ಟ ವೈದ್ಯರಿಗೆ ನಮಸ್ಕಾರ. ದಿನಾ ನುಂಗುವ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಗಾಬರಿಯಾದಾಗ ತಕ್ಷಣ ತಣ್ಣಗೆ ಮಾಡುವ ಆಲ್ಪ್ರಜೋಲಮ್‌ನಂಥ ಮಾತ್ರೆ ಬೇರೆ. ಅದು ಬೇಗ ಅಭ್ಯಾಸವಾಗಿಬಿಡುತ್ತದೆ. ಎರಡನ್ನೂ ಸುಮ್ನೆ ಒಂದು ದಿನ ನಿಲ್ಲಿಸಬೇಡಿ. ಕಡಿಮೆ ಮಾಡುವುದಿದ್ದರೆ ವೈದ್ಯರೇ ಹಂತ ಹಂತವಾಗಿ ಮಾಡಬೇಕು. ಮೆಡಿಕಲ್ ಶಾಪಿನ ಹುಡುಗನನ್ನು ಕೇಳಿ ಬದಲಾಯಿಸಲೂಬೇಡಿ.

ಇನ್ನು ನನ್ನ ಮನಸ್ಸಿನಲ್ಲಿರುವ ಮಾತು. ಮಾತ್ರೆ ನಿಮ್ಮ ಗಾಬರಿಯ ಸದ್ದನ್ನು ಇಳಿಸಿದೆ. ಆದರೆ ಆ ಗಾಬರಿ ಏನು, ಅದು ಬಂದಾಗ ಏನು ಮಾಡಬೇಕು ಎಂದು ನಿಮಗೆ ಯಾರೂ ಕಲಿಸಿಲ್ಲ. ನಿಮ್ಮ ಪತ್ರದ ಸಾಲು ಸಾಲಿನಲ್ಲೂ ನನಗೆ ಕಂಡದ್ದು ಈ ಕೊರತೆಯೇ.

ಭತ್ತ ತೆನೆ ಕಟ್ಟಿದಾಗ ಹಕ್ಕಿ ಓಡಿಸಲು ಗದ್ದೆಯಲ್ಲಿ ಡಬ್ಬ ಬಡಿಯುತ್ತಾರಲ್ಲ, ನಿಮ್ಮ ಮೈ ಹಕ್ಕಿ ಇಲ್ಲದಾಗಲೂ ಆ ಡಬ್ಬ ಬಡಿಯುತ್ತಿದೆ. ಸದ್ದು ಕೇಳಿ ನೀವು ಹೆದರುತ್ತೀರಿ. ಹೆದರಿದ್ದಕ್ಕೆ ಬಡಿತ ಜಾಸ್ತಿಯಾಗುತ್ತದೆ. ಆಕ್ಸ್‌ಫರ್ಡಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುತ್ತನ್ನೇ ಬಿಡಿಸಿ ತೋರಿಸಿದರು. ಎದೆ ಬಡಿತವನ್ನು ಸಾವಿನ ಸೂಚನೆ ಎಂದು ತಪ್ಪಾಗಿ ತಿಳಿಯುವುದರಿಂದಲೇ ಸುತ್ತು ಬಿಗಿಯಾಗುತ್ತದೆ. ಬೆರಳು ಜುಮ್ಮೆನ್ನುವುದಕ್ಕೂ ಕಾರಣ ಇದೆ. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಆಗ ತುಟಿ, ಬೆರಳು ಜುಮ್ಮೆನ್ನುತ್ತವೆ, ತಲೆ ತಿರುಗುತ್ತದೆ. ಸುತ್ತ ಸೇರಿದವರು ಕೈಗೆ ಬೀಗದ ಕೈ ತುರುಕಿ, ಮೂಗಿಗೆ ಉಳ್ಳಾಗಡ್ಡಿ ಹಿಡಿದು, "ಜೋರಾಗಿ ಉಸಿರು ತಗೋ" ಅನ್ನುತ್ತಾರೆ. ಜೋರಾಗಿ ತೆಗೆದುಕೊಂಡರೆ ಇನ್ನೂ ಕೆಡುತ್ತದೆ. ಸಣ್ಣಗೆ ಒಳಗೆ ಎಳೆದುಕೊಂಡು, ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡಬೇಕು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುತ್ತತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ನೀವು ಏನೂ ಮಾಡದಿದ್ದರೂ ಇಳಿಯುತ್ತದೆ.

ಇಲ್ಲಿ ನಿಮ್ಮನ್ನು ಸ್ವಲ್ಪ ಗದರಬೇಕು, ಬೇಸರ ಬೇಡ. ನೀರಿನ ಬಾಟಲಿ, ಬ್ಯಾಗಿನ ಮಾತ್ರೆ, ಯಜಮಾನರ ಬೈಕು, ಈ ಮೂರೂ ಸೇರಿ ನಿಮ್ಮ ಹೆದರಿಕೆಯನ್ನು ಸಾಕುತ್ತಿವೆ. ಬಸ್ ಹತ್ತದೆ ಉಳಿದ ಪ್ರತಿ ದಿನವೂ ನಿಮ್ಮ ಮನಸ್ಸು ಒಂದೇ ಪಾಠ ಕಲಿಯುತ್ತದೆ: ಬಸ್ ಹತ್ತಲಿಲ್ಲ, ಅದಕ್ಕೇ ಬದುಕಿದೆ. ಯಜಮಾನರದ್ದು ಒಳ್ಳೆಯ ಮನಸ್ಸು. ಅವರು ಬೈಕು ಮನೆಯಲ್ಲಿ ಬಿಟ್ಟು ಒಂದು ಸ್ಟಾಪಿನವರೆಗೆ ನಿಮ್ಮ ಜೊತೆ ಬಸ್ಸಿನಲ್ಲಿ ಬರಲಿ. ಆಮೇಲೆ ನೀವೊಬ್ಬರೇ ಒಂದು ಸ್ಟಾಪು. ಆಮೇಲೆ ಎರಡು. ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಚಹಾ ಕುಡಿಯುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಎದೆ ಬಡಿತ ಏರಿಸುವುದರಲ್ಲಿ ಅದರ ಪಾಲೂ ಇದೆ.

ಕ್ಲೇರ್ ವೀಕ್ಸ್ ಎಂಬ ಆಸ್ಟ್ರೇಲಿಯಾದ ವೈದ್ಯೆ ಇದ್ದರು. ಹರೆಯದಲ್ಲಿ ಅವರಿಗೆ ಕ್ಷಯ ಎಂದು ತಪ್ಪಾಗಿ ಹೇಳಿ ಆರೋಗ್ಯಧಾಮಕ್ಕೆ ಕಳಿಸಿದ್ದರು. ಅಲ್ಲಿಂದ ಬಂದ ಮೇಲೂ ಎದೆ ಬಡಿತ ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಗೆಳೆಯನೊಬ್ಬ ಅವರಿಗೆ ಹೇಳಿದ, ಕಂದಕದಲ್ಲಿ ನಮಗೂ ಹೀಗೇ ಆಗುತ್ತಿತ್ತು, ಇದು ಬರೀ ಹೆದರಿಕೆ ಎಂದು. ಆ ಒಂದು ಮಾತಿನಿಂದ ಅವರಿಗೆ ದಾರಿ ಕಂಡಿತು. ಮುಂದೆ ಸಾವಿರಾರು ಜನರಿಗೆ ಅವರು ಕಲಿಸಿದ್ದು ಇಷ್ಟೇ: ಎದುರಿಸು, ಒಪ್ಪಿಕೋ, ತೇಲು, ಕಾಲ ಕಳೆಯಲು ಬಿಡು. ಆ ಗೆಳೆಯ ಚೀಟಿ ಬರೆಯಲಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದ.

ನಿಮ್ಮ ಊರ ಕಡೆಯದೇ ಒಂದು ಸಂಗತಿ ಹೇಳುತ್ತೇನೆ. ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಹುಡುಗ, ನನಗೆ ಪರಿಚಯದವನು. ನಿಮ್ಮದೇ ತೊಂದರೆ. ಬೆಂಗಳೂರಿನಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆ (ಮಾತ್ರೆ ಬರೆಯದೆ, ಮಾತು, ಅಭ್ಯಾಸಗಳಿಂದ ಚಿಕಿತ್ಸೆ ಮಾಡುವವರು) ಅವನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಗಿರಗಿರ ತಿರುಗಿಸಿದರು, ಜ್ಯೂಸ್ ಕುಡಿಯುವ ಕೊಳವೆಯಲ್ಲಿ ಉಸಿರಾಡಿಸಿದರು, ನಿಂತಲ್ಲೇ ಓಡಿಸಿದರು. ಗಾಬರಿಯಲ್ಲಿ ಆಗುವುದನ್ನೆಲ್ಲ ಬೇಕೆಂದೇ ತರಿಸಿ, ಇದರಿಂದ ಯಾರೂ ಸಾಯುವುದಿಲ್ಲ ಎಂದು ಮೈಗೇ ಗೊತ್ತುಮಾಡಿಸುವ ವಿಧಾನ ಅದು. ಊರಿಗೆ ಬಂದ ಮೇಲೆ ಅವನು ಅಂಜನಾದ್ರಿಯ 575 ಮೆಟ್ಟಿಲು ಹತ್ತುತ್ತೇನೆ ಎಂದ. ನಾನೂ ಜೊತೆಗೆ ಹೋದೆ. ಅರ್ಧ ದಾರಿಯಲ್ಲಿ ಕಂಬಿ ಹಿಡಿದು ನಿಂತ. ಕುತ್ತಿಗೆಯ ನರ ಹಾರುವುದು ನನಗೇ ಕಾಣುತ್ತಿತ್ತು. ಅಂಗಿ ಬೆನ್ನಿಗೆ ಅಂಟಿತ್ತು. "ಸರ್, ಬಂತ್ರೀ" ಅಂದ. ಕೂರಲಿಲ್ಲ, ನೀರು ಕೇಳಲಿಲ್ಲ. ಮೊಬೈಲಿನಲ್ಲಿ ಟೈಮು ನೋಡುತ್ತಾ ಉಸಿರು ಉದ್ದಕ್ಕೆ ಬಿಡುತ್ತಾ ನಿಂತ. ಕೆಳಗಿನಿಂದ ಬಂದವರು ಪಕ್ಕಕ್ಕೆ ಸರಿದು ದಾಟಿ ಹೋದರು. ಸ್ವಲ್ಪ ಹೊತ್ತಿಗೆ "ಹೊಂಟೋತ್ರೀ, ನಡೀರಿ" ಅಂದ. ಅವನೇ ಮುಂದೆ ಹೊರಟ. ಈಗ ಅವನು ಬಸ್ಸಿನಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತಾನೆ. (ಹೃದಯದ ತೊಂದರೆ, ಉಬ್ಬಸ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಇದನ್ನೆಲ್ಲ ಮಾಡಬಾರದು. ಹೊಸದಾಗಿ ಎದೆ ನೋವು ಬಂದರೆ ಮೊದಲು ಆಸ್ಪತ್ರೆಗೇ ಹೋಗಬೇಕು.)

ಒಬ್ಬ ಹುಡುಗನ ಕಥೆ ಎಂದು ತಳ್ಳಿಹಾಕಬೇಡಿ. ಅಮೆರಿಕದ ಡೇವಿಡ್ ಬಾರ್ಲೊ ಮತ್ತು ಸಂಗಡಿಗರು ಮಾತ್ರೆಯನ್ನೂ ಇಂಥ ಕಲಿಕೆಯನ್ನೂ ಹೋಲಿಸಿ 312 ಜನರ ಮೇಲೆ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಚಿಕಿತ್ಸೆ ನಡೆಯುವಾಗ ಮಾತ್ರೆಯೂ ಒಳ್ಳೆಯದೇ ಮಾಡಿತ್ತು. ಎಲ್ಲ ನಿಲ್ಲಿಸಿ ಆರು ತಿಂಗಳಾದ ಮೇಲೆ ನೋಡಿದರೆ ಈ ಕಲಿಕೆಯ ಫಲ ಹೆಚ್ಚು ಉಳಿದಿತ್ತು. ಜರ್ಮನಿಯಲ್ಲಿ 1998ರಲ್ಲಿ ಓಟವನ್ನೂ ಮಾತ್ರೆಯನ್ನೂ ಹೋಲಿಸಿದರು. ಮಾತ್ರೆ ಬೇಗ, ಹೆಚ್ಚು ಗುಣ ಕೊಟ್ಟಿತು, ನಿಜ. ಆದರೆ ಹತ್ತು ವಾರ ಓಡಿದವರೂ ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಿಗಿಂತ ಚೆನ್ನಾಗಿದ್ದರು. 2001ರಲ್ಲಿ ಇಟಲಿಯ ವೈದ್ಯರು ಜಪಮಾಲೆಯ ಪ್ರಾರ್ಥನೆ, ಮಂತ್ರ ಹೇಳುವವರನ್ನು ಪರೀಕ್ಷಿಸಿದರು. ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದಿತ್ತು. ದಾಸರು ಓಡಾಡಿದ ಮಾನ್ವಿಯ ಸೀಮೆ ನಮ್ಮದು. ಸಂಜೆ ಭಜನೆಗೆ ಕೂತು ಉದ್ದಕ್ಕೆ ರಾಗ ಎಳೆಯುವ ಹೆಂಗಸರು ಅದನ್ನೇ ಮಾಡುತ್ತಾರೆ. ಅತ್ತೆಯವರ ತಾಯತ ಇರಲಿ, ಜಗಳ ಬೇಡ. ಅವರ ಜೊತೆ ಭಜನೆಗೆ ಹೋಗಿ.

ಆದರೆ ಇದನ್ನು ಕಲಿಸುವವರು ಎಲ್ಲಿದ್ದಾರೆ? ನನ್ನ ಹೊಟ್ಟೆ ಉರಿಯುವುದು ಇಲ್ಲೇ. 1985ರಲ್ಲಿ ನಿಮ್ಹಾನ್ಸ್ ಒಂದು ಪ್ರಯೋಗಕ್ಕೆ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ನೋಡಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಇಡೀ ದೇಶಕ್ಕೆ ಅದು 'ಬಳ್ಳಾರಿ ಮಾದರಿ'. ಅಂಥ ಜಿಲ್ಲೆಯ ಪಕ್ಕದಲ್ಲಿ ಕೂತು ಒಬ್ಬ ಟೀಚರು, ಮಾತ್ರೆ ಬಿಟ್ಟು ಬೇರೆ ದಾರಿ ಇದೆಯೇ ಎಂದು ಪತ್ರಿಕೆಗೆ ಬರೆದು ಕೇಳಬೇಕಾಗಿದೆ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ತೊಂದರೆ ಇರುವ ನೂರರಲ್ಲಿ 85 ಜನರಿಗೆ ಚಿಕಿತ್ಸೆಯೇ ಇಲ್ಲ. ಸಿಕ್ಕವರಿಗೂ ಮುಖ ನೋಡಿ ಚೀಟಿ ಬರೆಯುವಷ್ಟೇ ಸಮಯ. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ವೈದ್ಯರಾದರೂ ಏನು ಮಾಡಿಯಾರು? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಕಟ್ಟಡ, ರಸ್ತೆ ಕೇಳುವ ನಮ್ಮ ಶಾಸಕರಲ್ಲಿ ಒಬ್ಬರಾದರೂ, ನಮ್ಮ ತಾಲೂಕಿಗೊಬ್ಬ ಮನಶ್ಶಾಸ್ತ್ರಜ್ಞರನ್ನು ಕೊಡಿ ಎಂದು ಪಟ್ಟು ಹಿಡಿಯಲಿ.

ಅಲ್ಲಿಯವರೆಗೆ 14416 ನಂಬರಿಗೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಎಂದಿದೆ. ನಿಮ್ಮಲ್ಲಿ ಬರುತ್ತಾರಾ ವಿಚಾರಿಸಿ. ಮಾತ್ರೆ ಜೊತೆಗೆ ಈ ಕಲಿಕೆಯೂ ಬೇಕು, ಜಿಲ್ಲಾ ಕಾರ್ಯಕ್ರಮದ ಮನಶ್ಶಾಸ್ತ್ರಜ್ಞರನ್ನು ಕಾಣಬೇಕು ಎಂದು ಬಾಯಿಬಿಟ್ಟು ಕೇಳಿ. ಆ ಹುದ್ದೆ ಖಾಲಿ ಇದೆ ಅಂದರೆ, ಎಷ್ಟು ದಿನದಿಂದ ಖಾಲಿ ಎಂದು ಬರೆಸಿಕೊಂಡು ನನಗೆ ಕಳಿಸಿ. ನಿಮ್ಮ ಹೆಸರಿಲ್ಲದೆ ಇದೇ ಪುಟದಲ್ಲಿ ಹಾಕುತ್ತೇನೆ.

– ಸಂಪಾದಕ