ಆಫೀಸೆಂದರೆ ಯಾವ ಗಂಟೆ?

"ಮುಂದಿನ ತಿಂಗಳಿಂದ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ" ಎಂಬ ಇಮೇಲ್ ಬಂದ ಮೇಲೆ ಆಪ್ತಸಲಹೆಗೆ ಬರುವವರ ಮಾತು ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತದೆ: "ಮನೆಯಿಂದಲೇ ಕೆಲಸ ಚೆನ್ನಾಗಿ ನಡೀತಿದೆ, ಯಾಕೆ ಹೋಗಬೇಕು ಹೇಳಿ." ಇದು ಮ್ಯಾನೇಜರನ್ನು ಕೇಳಬೇಕಾದ ಪ್ರಶ್ನೆ. ಅದನ್ನು ಆಪ್ತಸಲಹೆಗಾರರ ಬಳಿ ತಂದಿದ್ದಾರೆಂದರೆ ಒಳಗೆ ಇನ್ನೊಂದು ಪ್ರಶ್ನೆ ಕೂತಿದೆ ಎಂದೇ ನಾನು ಅಂದುಕೊಳ್ಳುತ್ತೇನೆ. ಈ ಪ್ರಕರಣದಲ್ಲೂ ಹಾಗೇ ಆಯಿತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ ಮೂವತ್ತರ ಆಸುಪಾಸು. ದತ್ತಾಂಶ ವಿಶ್ಲೇಷಣೆಯ ಕೆಲಸ, ನಾಲ್ಕು ವರ್ಷದಿಂದ ಮನೆಯಿಂದಲೇ. ನಡುವೆ ಟೀಮ್ ಬದಲಾಗಿತ್ತು. ಈಗಿನ ಟೀಮಿನ ಎಂಟು ಜನರಲ್ಲಿ ಆರು ಮಂದಿಯನ್ನು ಪರದೆಯ ಮೇಲೆ ಬಿಟ್ಟರೆ ನೋಡಿದ್ದೇ ಇಲ್ಲ. ಆಫೀಸಿಗೆ ಒಂದು ಕಡೆಯ ಪ್ರಯಾಣ ಐವತ್ತು ನಿಮಿಷ. ಮನೆಯಲ್ಲಿ ನೋಡಿಕೊಳ್ಳಬೇಕಾದ ಮಕ್ಕಳಿಲ್ಲ, ಕಾಯಿಲೆಯವರಿಲ್ಲ. ಇಮೇಲ್ ಬಂದ ದಿನದಿಂದ ನಸುಕಿನ ಮೂರಕ್ಕೆ ಎಚ್ಚರವಾಗುತ್ತಿತ್ತು. ರಾಜೀನಾಮೆ ಪತ್ರ ಬರೆದು ಡ್ರಾಫ್ಟಿನಲ್ಲಿ ಇಟ್ಟುಕೊಂಡಿದ್ದರು.

ಮೊದಲ ಭೇಟಿಗೆ ಒಂದು ಹಾಳೆ ತಂದಿದ್ದರು. ನಡುವೆ ಗೆರೆ ಎಳೆದು ಎಡಕ್ಕೆ ಮನೆ, ಬಲಕ್ಕೆ ಆಫೀಸು. ಎಡಗಡೆ ಹದಿನಾಲ್ಕು ಅಂಶ, ಬಲಗಡೆ ಐದು. ಎಡಪಟ್ಟಿಯ ತಲೆಯ ಮೇಲೆ ಒಂದು ಅಧ್ಯಯನ: ಮನೆಯಿಂದ ಕೆಲಸ ಮಾಡಿದವರು ಶೇ. 13ರಷ್ಟು ಹೆಚ್ಚು ಕೆಲಸ ಮಾಡಿದರು. ಅಧ್ಯಯನ ಸುಳ್ಳಲ್ಲ. ಚೀನಾದ ಸಿಟ್ರಿಪ್ ಎಂಬ ಪ್ರಯಾಣ ಸಂಸ್ಥೆಯ ಕಾಲ್ ಸೆಂಟರಿನಲ್ಲಿ 2010ರ ಕೊನೆಗೆ ಶುರುವಾಗಿ ಒಂಬತ್ತು ತಿಂಗಳು ನಡೆದ ಪ್ರಯೋಗ ಅದು. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಮಾಡಿದ್ದು. ಆದರೆ ಜನ ಅದರ ಅರ್ಧವನ್ನಷ್ಟೇ ಓದುತ್ತಾರೆ. ಆ ಶೇ. 13ರ ದೊಡ್ಡ ಪಾಲು ಬಂದದ್ದು ಕೆಲಸದ ನಿಮಿಷಗಳು ಹೆಚ್ಚಿದ್ದರಿಂದ: ವಿರಾಮ ಕಡಿಮೆ, ರಜೆ ಕಡಿಮೆ. ಭಾಗವಹಿಸಿದವರೆಲ್ಲ ತಾವಾಗಿ ಮುಂದೆ ಬಂದವರು, ಮನೆಯಲ್ಲಿ ಸ್ವಂತ ಕೋಣೆ ಇದ್ದವರು. ಪ್ರಯೋಗ ಮುಗಿದ ಮೇಲೆ ಆಯ್ಕೆ ಕೊಟ್ಟಾಗ ಮನೆಯಲ್ಲಿದ್ದವರ ಪೈಕಿ ಸುಮಾರು ಅರ್ಧದಷ್ಟು ಜನ ಆಫೀಸಿಗೆ ಮರಳಿದರು. ಒಂಟಿತನ ಒಂದು ಮುಖ್ಯ ಕಾರಣ. ಆಫೀಸಿನಲ್ಲಿ ಕೂತು ಅಷ್ಟೇ ಕೆಲಸ ಮಾಡಿದವರಿಗೆ ಹೋಲಿಸಿದರೆ ಮನೆಯವರಿಗೆ ಬಡ್ತಿಯೂ ಕಡಿಮೆ ಸಿಕ್ಕಿತ್ತು. ಅದೇ ಸಂಸ್ಥೆ 2021–22ರಲ್ಲಿ 1,612 ಉದ್ಯೋಗಿಗಳ ಮೇಲೆ ಇನ್ನೊಂದು ಪ್ರಯೋಗ ಮಾಡಿತು: ವಾರಕ್ಕೆ ಎರಡು ದಿನ ಮನೆ, ಉಳಿದ ದಿನ ಆಫೀಸು. ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದು ಭಾಗ ಇಳಿಯಿತು, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಹೇಳಿದೆ, ಅವರು ತಲೆದೂಗಿದರು, ಹಾಳೆಯ ಬಲಗಡೆ ಇನ್ನೆರಡು ಅಂಶ ಸೇರಿಸಿದರು. ಆ ರಾತ್ರಿಯೂ ಮೂರಕ್ಕೆ ಎಚ್ಚರವಾಯಿತು.

ಲಾಭ-ನಷ್ಟದ ಪಟ್ಟಿಯ ಬಗ್ಗೆ ನನಗೆ ಗೌರವ ಕಡಿಮೆ. ಇಬ್ಬಂದಿಯಲ್ಲಿರುವವರ ಕೈಗೆ ಅದನ್ನು ಕೊಡುವುದು ತಕ್ಕಡಿಯಲ್ಲಿ ಕಪ್ಪೆ ತೂಗಲು ಹೇಳಿದಂತೆ: ಒಂದನ್ನು ಹಿಡಿದಿಡುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ. ಬರೀ ನನ್ನ ಅನಿಸಿಕೆ ಎನ್ನಬೇಡಿ. ಬದಲಾಗುವ ಕಾರಣವನ್ನು ಬಂದವರ ಬಾಯಿಂದಲೇ ಹೊರಡಿಸುವ ಪ್ರೇರಣಾತ್ಮಕ ಸಂದರ್ಶನ ವಿಧಾನವನ್ನು ರೂಪಿಸಿದ ವಿಲಿಯಂ ಮಿಲ್ಲರ್ ಅವರೇ 2015ರಲ್ಲಿ ಗ್ಯಾರಿ ರೋಸ್ ಜೊತೆ ಇದನ್ನು ಪರಿಶೀಲಿಸಿ, ಇನ್ನೂ ತೀರ್ಮಾನಿಸದವರಿಂದ ಎರಡೂ ಬದಿಯ ಪಟ್ಟಿ ಮಾಡಿಸಿದರೆ ಬದಲಾವಣೆಯತ್ತ ಅವರ ಬದ್ಧತೆ ಕಡಿಮೆಯಾಗುವುದೇ ಹೆಚ್ಚು ಎಂದು ಬರೆದರು. ಈಗಾಗಲೇ ನಿರ್ಧರಿಸಿದವರಿಗೆ ಪಟ್ಟಿಯಿಂದ ತೊಂದರೆಯಿಲ್ಲ. ಅವರಿಗೆ ಅದು ಬೇಕಾಗಿಯೂ ಇರುವುದಿಲ್ಲ ಅನ್ನಿ.

ಮೂರನೇ ಭೇಟಿಯಲ್ಲಿ ಹಾಳೆಯನ್ನು ಬದಿಗಿಡಿಸಿ ಒಂದೇ ಪ್ರಶ್ನೆ ಕೇಳಿದೆ.

"ಆಫೀಸು ಅಂದಾಗ ನಿಮಗೆ ಕಣ್ಣಿಗೆ ಕಟ್ಟೋದು ಯಾವ ಗಂಟೆ?"

"ಅಂದರೆ?"

"ಹೊರಡೋದರಿಂದ ವಾಪಸ್ ಬರೋವರೆಗೆ ಹತ್ತು ಹನ್ನೊಂದು ಗಂಟೆ ಆಗುತ್ತಲ್ಲ. ಅಷ್ಟೂ ಒಂದೇ ಥರ ಬೇಡವಾ?"

ಒಂದೊಂದೇ ಗಂಟೆ ಹಿಡಿದು ಹೋದೆವು. ಆತಂಕಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ. ಜೋಸೆಫ್ ವೋಲ್ಪ್ ಎಂಬ ಮನೋವೈದ್ಯರು ಬಳಕೆಗೆ ತಂದ ಹಳೆಯ ಅಳತೆ ಇದು. ಪ್ರಯಾಣ: "ಬೇಸರ, ಅಷ್ಟೇ. ಇಪ್ಪತ್ತೈದು." ಒಳಗೆ ಕಾಲಿಡುವುದು: ನಲವತ್ತು. ತಮ್ಮ ಜಾಗದಲ್ಲಿ ಕೂತು ಕೆಲಸ: ಇಪ್ಪತ್ತು. ಎಲ್ಲರೆದುರು ವರದಿ ಒಪ್ಪಿಸುವುದು: ನಲವತ್ತೈದು, "ಅದು ವಿಡಿಯೊ ಕಾಲಲ್ಲೂ ಅಷ್ಟೇ." ಆಮೇಲೆ ಸುಮ್ಮನಾದರು. ಬಹಳ ಹೊತ್ತಿನ ನಂತರ ಹೇಳಿದರು:

"ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಏಳ್ತಾರಲ್ಲ. ಆಗ ನಾನು ಯಾರ ಜೊತೆ ಏಳಬೇಕು?"

ಅಂಕ ಎಷ್ಟೆಂದು ಕೇಳಿದೆ. ತೊಂಬತ್ತು ಎಂದರು.

ಹದಿನಾಲ್ಕು ಅಂಶಗಳ ಎಡಪಟ್ಟಿಯಲ್ಲಿ ಊಟದ ಗಂಟೆಯ ಸುದ್ದಿಯೇ ಇರಲಿಲ್ಲ. ಇರುವುದೂ ಇಲ್ಲ. "ಪ್ರಯಾಣದ ಸಮಯ ಉಳಿಯುತ್ತದೆ" ಎಂದು ಬರೆಯಲು ನಾಚಿಕೆಯಿಲ್ಲ; ದುಡಿಯುವ ವಯಸ್ಕರೊಬ್ಬರು "ಊಟಕ್ಕೆ ನನ್ನನ್ನು ಯಾರೂ ಕರೆಯದಿದ್ದರೆ?" ಎಂದು ಬರೆಯುವುದು ಕಷ್ಟ. ರಾಜೀನಾಮೆ ಪತ್ರ ಡ್ರಾಫ್ಟಿನಲ್ಲಿ ಕೂತದ್ದು ನಲವತ್ತೈದು ನಿಮಿಷದ ಈ ಒಂದು ವಿರಾಮಕ್ಕಾಗಿ.

ಇಂಥ ಭಯ ಮನೆಯಲ್ಲಿದ್ದಷ್ಟೂ ಬೆಳೆಯುವುದಕ್ಕೆ ಕಾರಣ ಸರಳ. ತಪ್ಪಿಸಿಕೊಂಡ ಪ್ರತಿ ಸಲವೂ ಒಂದು ನಿರಾಳ ಸಿಗುತ್ತದೆ, ಆ ನಿರಾಳವೇ ತಪ್ಪಿಸಿಕೊಳ್ಳುವುದಕ್ಕೆ ಸಿಕ್ಕ ಬಹುಮಾನ. ಊಹೆ ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಸಂದರ್ಭವೇ ಬರುವುದಿಲ್ಲ. ನಾಲ್ಕು ವರ್ಷ ಪರೀಕ್ಷೆಗೆ ಒಳಗಾಗದ ಊಹೆ ಅನುಭವದಷ್ಟೇ ಗಟ್ಟಿಯಾಗಿ ಕಾಣುತ್ತದೆ.

ಕೊಟ್ಟ ಸಲಹೆ ಇಷ್ಟು. ಆರು ವಾರ ರಾಜೀನಾಮೆಯನ್ನೂ ಕೊಡಬೇಡಿ, "ಮೂರು ದಿನ ಬರುತ್ತೇನೆ" ಎಂದೂ ಒಪ್ಪಬೇಡಿ. ಹಂತಹಂತವಾಗಿ ಬರುತ್ತೇನೆ ಎಂದು ಮ್ಯಾನೇಜರಿಗೆ ಬರೆಯಿರಿ. ಮೊದಲ ಎರಡು ವಾರ ಒಂದು ದಿನ, ಹನ್ನೊಂದರಿಂದ ಮೂರರವರೆಗೆ ಮಾತ್ರ. ಊಟದ ಹೊತ್ತು ಅದರೊಳಗೆ ಬರಲೇಬೇಕು. ಮೂರು-ನಾಲ್ಕನೇ ವಾರ ಒಂದು ಪೂರ್ತಿ ದಿನ. ಐದು-ಆರನೇ ವಾರ ಎರಡು ದಿನ. ಹೋಗುವ ಮುನ್ನ ಒಂದು ಚೀಟಿಯಲ್ಲಿ ಏನಾಗುತ್ತದೆಂದು ಊಹಿಸುತ್ತೀರೋ ಅದನ್ನು ಬರೆಯಿರಿ, ನೋಡಿದವರು ಹೌದು ಅಥವಾ ಇಲ್ಲ ಎಂದು ಹೇಳಬಹುದಾದ ರೂಪದಲ್ಲಿ. "ಮುಜುಗರವಾಗುತ್ತದೆ" ಎಂದರೆ ಆಗದು. "ಒಬ್ಬರೂ ನನ್ನ ಜೊತೆ ಎರಡು ನಿಮಿಷ ಮಾತಾಡುವುದಿಲ್ಲ" ಎಂದರೆ ಆಗುತ್ತದೆ. ಸಂಜೆ ಅದೇ ಚೀಟಿಯ ಹಿಂದೆ ನಡೆದದ್ದನ್ನು ಬರೆಯಿರಿ. ಅಂಕ ತೊಂಬತ್ತರಿಂದ ಇಳಿಯದಿದ್ದರೂ ಚಿಂತೆಯಿಲ್ಲ. ಭಯ ಕರಗುವುದಕ್ಕಿಂತ ಊಹೆ ಹುಸಿಯಾಗುವುದೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಕೆಡುವುದು ಎಲ್ಲಿ? ದಿನದ ಆಯ್ಕೆಯಲ್ಲಿ. ಹಿಂಜರಿಯುವವರು ಆರಿಸುವುದು ಶುಕ್ರವಾರ, ಆಫೀಸು ಖಾಲಿಯಿರುವ ದಿನ. ಪ್ರಯಾಣವನ್ನೂ ಮಾಡಿ, ಖಾಲಿ ಕುರ್ಚಿಗಳ ನಡುವೆ ಹೆಡ್‌ಫೋನ್ ಹಾಕಿ, ಮನೆಯಲ್ಲಿರುವ ಟೀಮಿನ ಜೊತೆ ವಿಡಿಯೊ ಕಾಲ್ ಮಾಡಿ ಬರುತ್ತಾರೆ. "ನೋಡಿ, ಹೋಗಿದ್ದು ವ್ಯರ್ಥ" ಎನ್ನುತ್ತಾರೆ. ವ್ಯರ್ಥವೇ ಸರಿ. ಖಾಲಿ ದಿನ, ಕಿವಿಯ ಹೆಡ್‌ಫೋನ್, ಎಲ್ಲರೂ ಉಂಡು ಬಂದ ಮೇಲೆ ಒಂದೂಮುಕ್ಕಾಲಿಗೆ ಊಟಕ್ಕೆ ಹೋಗುವುದು, ಕೈಯಲ್ಲಿ ಸದಾ ಫೋನು: ಇವೆಲ್ಲ ರಕ್ಷಾಕವಚಗಳು. ಕವಚ ತೊಟ್ಟು ಹೋದವರು ಏನೂ ಅನಾಹುತವಾಗದಿದ್ದಾಗ ಅದರ ಶ್ರೇಯವನ್ನು ಕವಚಕ್ಕೇ ಕೊಡುತ್ತಾರೆ, ಊಹೆ ಅಲುಗುವುದಿಲ್ಲ. ಆದ್ದರಿಂದ ಟೀಮಿನ ಹೆಚ್ಚು ಜನ ಬರುವ ದಿನವನ್ನೇ ಆರಿಸಿ. ಹಿಂದಿನ ದಿನವೇ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಸಂದೇಶ ಕಳಿಸಿ: "ನಾಳೆ ಬರ್ತಿದ್ದೀನಿ, ಒಂದು ಗಂಟೆಗೆ ಊಟಕ್ಕೆ ಒಟ್ಟಿಗೆ ಹೋಗೋಣವಾ?" ಇದೂ ಕವಚವಲ್ಲವೇ ಎಂದು ಅವರೇ ಕೇಳಿದರು. ಹೌದು, ಮೊದಲ ಎರಡು ಸಲಕ್ಕೆ ಇರಲಿ, ಮೂರನೆಯ ಸಲ ಸಂದೇಶವಿಲ್ಲದೆ ಏಳಿ ಎಂದೆ.

ಕೂರುವ ಜಾಗವನ್ನೂ ಬಾಯಿಬಿಟ್ಟು ಕೇಳಬೇಕು. 1970ರ ದಶಕದಲ್ಲಿ ಥಾಮಸ್ ಅಲೆನ್ ಎಂಬ ಸಂಶೋಧಕರು ಎಂಜಿನಿಯರುಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಮೇಜುಗಳ ನಡುವಿನ ಅಂತರ ಸುಮಾರು 30 ಮೀಟರ್ ದಾಟುವಷ್ಟರಲ್ಲಿ ಮಾತುಕತೆ ತಳ ಮುಟ್ಟಿತ್ತು. ಟೀಮ್ ಒಂದು ಅಂತಸ್ತಿನಲ್ಲಿ, ನೀವು ಇನ್ನೊಂದರಲ್ಲಿ ಎಂದರೆ ಮನೆಯಲ್ಲಿದ್ದಂತೆಯೇ.

ಮ್ಯಾನೇಜರಿಗೆ ಬರೆಯುವ ಪತ್ರದಲ್ಲಿ ಐದು ಸಂಗತಿ ಸಾಕು: ಯಾವ ದಿನ, ಎಷ್ಟು ಹೊತ್ತು, ಮನೆಯಲ್ಲಿರುವ ದಿನ ಯಾವ ಗಂಟೆಯಲ್ಲಿ ತಕ್ಷಣ ಸಿಗುತ್ತೀರಿ, ಯಾವ ಕೆಲಸದಿಂದ ನಿಮ್ಮನ್ನು ಅಳೆಯಬಹುದು, ಮರುಪರಿಶೀಲನೆಯ ತಾರೀಖು. ಆ ತಾರೀಖು ಇಲ್ಲದ ಪತ್ರ "ಎಂದೆಂದಿಗೂ ವಿನಾಯಿತಿ ಕೊಡಿ" ಎಂದು ಕೇಳಿದಂತೆ ಓದಿಸಿಕೊಳ್ಳುತ್ತದೆ, ತಿರಸ್ಕಾರವಾಗುತ್ತದೆ. ಆತಂಕದ ವಿವರ, ಆಪ್ತಸಲಹೆಗೆ ಬರುತ್ತಿರುವ ಸುದ್ದಿ ಅಲ್ಲಿ ಬೇಡ.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಒಂದು ಆಕ್ಷೇಪ ಬಂತು: ಇದು ಕಂಪನಿಯ ಪರವಾಗಿ ದೂಡುವ ಕೆಲಸವಲ್ಲವೇ? ಚುಚ್ಚಿದ ಮಾತು, ಒಪ್ಪುತ್ತೇನೆ. ಆದರೆ ಆಫೀಸು ಒಳ್ಳೆಯದೆಂದು ನಾನು ಹೇಳಿಲ್ಲ. ಗಂಟೆಗಂಟೆಗೂ ಅಂಕ ಹಾಕುವ ಇದೇ ವಿಧಾನ ಇನ್ನೊಬ್ಬರಲ್ಲಿ ತದ್ವಿರುದ್ಧ ಉತ್ತರ ಕೊಟ್ಟಿತು. ಅವರ ಆತಂಕ ಎಲ್ಲೂ ಮೂವತ್ತು ದಾಟಲಿಲ್ಲ, ಆದರೆ ಪ್ರಯಾಣ ಒಂದು ಕಡೆಗೆ ಎರಡು ಗಂಟೆ. ಮೂರು ದಿನಕ್ಕೆ ಹನ್ನೆರಡು ಗಂಟೆ, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು. ಅಲ್ಲಿ ಭಯವಿರಲಿಲ್ಲ, ಲೆಕ್ಕವಿತ್ತು. ಮನೆಯಿಂದಲೇ ಕೆಲಸ ಕೇಳಿ, ಸಿಗದಿದ್ದರೆ ಬೇರೆ ಕೆಲಸ ನೋಡಿ ಎಂದೆ. ಆಫೀಸಿನಲ್ಲಿ ಕಿರುಕುಳ ಕೊಟ್ಟವರು ಇನ್ನೂ ಅಲ್ಲೇ ಇದ್ದಾರೆಂದರೆ ಈ ಹಂತಹಂತದ ಅಭ್ಯಾಸ ಬೇಡವೇ ಬೇಡ. ಅಲ್ಲಿ ಭಯ ಸರಿಯಾದ ಮಾಹಿತಿಯನ್ನೇ ಕೊಡುತ್ತಿದೆ. ಬೇಕಾದದ್ದು ದೂರು, ದಾಖಲೆ, ಸ್ಥಳ ಬದಲಾವಣೆ.

ಆರು ವಾರದಲ್ಲಿ ಅವರು ಏಳು ಸಲ ಹೋದರು. ಒಂದು ದಿನ ಜ್ವರವೆಂದು ತಪ್ಪಿಸಿದರು, ಅದು ಜ್ವರವಲ್ಲ ಎಂದು ಅವರೇ ಹೇಳಿದರು. ಮೊದಲ ಚೀಟಿಯ ಊಹೆ ಅರ್ಧ ನಿಜವಾಯಿತು: ಊಟದ ಮೇಜಿನಲ್ಲಿ ಇಬ್ಬರು ಮಾತಾಡಿಸಲೇ ಇಲ್ಲ, ಮೂರನೆಯವರು ಇಪ್ಪತ್ತು ನಿಮಿಷ ಮಾತಾಡಿದರು. ಐದನೇ ವಾರ ಸಂದೇಶ ಕಳಿಸದೆ ಎದ್ದರು. ಊಟದ ಗಂಟೆಯ ಅಂಕ ಮೂವತ್ತೈದಕ್ಕೆ ಬಂತು.

ಅದಾಗಿ ನಾಲ್ಕು ತಿಂಗಳಿಗೆ ಪೂರ್ತಿ ಮನೆಯಿಂದಲೇ ಮಾಡುವ ಬೇರೆ ಕೆಲಸಕ್ಕೆ ಸೇರಿದರು. ಹಾಗಾದರೆ ಇಷ್ಟೆಲ್ಲ ಯಾಕೆ ಬೇಕಿತ್ತು ಎಂದು ಅದೇ ಸಹೋದ್ಯೋಗಿ ಕೇಳಿದರು. ಉತ್ತರವಾಗಿ ಅವರ ಕೊನೆಯ ಚೀಟಿಯನ್ನು ತೋರಿಸಬಹುದಿತ್ತು, ಗೋಪ್ಯತೆಯ ಕಾರಣಕ್ಕೆ ತೋರಿಸಲಿಲ್ಲ. ಇಲ್ಲಿ ಬರೆಯಲು ಅವರ ಒಪ್ಪಿಗೆಯಿದೆ. ಮುಂಬದಿಯಲ್ಲಿ "ಊಹೆ: ಏನೂ ಇಲ್ಲ." ಹಿಂಬದಿಯಲ್ಲಿ "ಎಸಿ ತುಂಬಾ ತಣ್ಣಗಿತ್ತು. ಪ್ರಯಾಣ ನೂರು ನಿಮಿಷ ತಿಂದಿತು. ಊಟಕ್ಕೆ ಐದು ಜನ ಹೋಗಿದ್ದೆವು."