ತರಿಸಿದವರೇ ಮೊದಲು ಉತ್ತರ ಕೊಡಬೇಕು

ಓದುಗರ ಪತ್ರ: "ಹೊರದೇಶದಿಂದ ಬಂದ ಆಟಿಕೆ, ಚಾರ್ಜರ್‌ಗಳಿಂದ ಅನಾಹುತವಾದರೆ ತರಿಸಿದ ವ್ಯಾಪಾರಿಯೇ ಮೊದಲ ಹೊಣೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ತಮ್ಮ ಇಂಥ ಸಾಮಾನು ತರಿಸಿ ಮಾರುತ್ತಾನೆ. ಕೆಟ್ಟ ಬಣ್ಣ ಬಳಿಯುವವರು ಎಲ್ಲೋ ದೂರದ ಕಾರ್ಖಾನೆಯವರು. ಇವನು ಒಂದೊಂದು ಡಬ್ಬಿಯನ್ನೂ ಬಿಚ್ಚಿ ನೋಡೋಕಾಗುತ್ತಾ? ಅಗ್ಗ ಅಂತ ಮುಗಿಬಿದ್ದು ಕೊಳ್ಳುವವರದ್ದು ಏನೂ ತಪ್ಪಿಲ್ಲವೇ?"

ಸಂಪಾದಕರ ಉತ್ತರ:

ಪ್ರಿಯ ಸೋದರಿ,

ತಮ್ಮನ ಪರ ನಿಂತು ಬರೆದಿದ್ದೀರಿ. ಅದು ನನಗೆ ಅರ್ಥವಾಗುತ್ತದೆ. ಆದರೂ ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಯಾಕೆ ಅಂತ ಹೇಳುತ್ತೇನೆ.

2007ರ ಆಗಸ್ಟ್‌ನಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ, ಚೀನಾದಲ್ಲಿ ಮಾಡಿಸಿದ್ದ ಆಟಿಕೆಗಳನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ಕೆಲವದರ ಬಣ್ಣದಲ್ಲಿ ಸೀಸ ಇತ್ತು. ಸೀಸ ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಅಳತೆಯೇ ಅದಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಗ ಬೈಗುಳವೆಲ್ಲ ಚೀನಾದ ಕಾರ್ಖಾನೆಗಳಿಗೇ ಹೋಯಿತು. ಆದರೆ ವಾಪಸ್ ಬಂದವುಗಳಲ್ಲಿ ದೊಡ್ಡ ಪಾಲು ಬಣ್ಣದ ಕಾರಣಕ್ಕೆ ಬಂದದ್ದಲ್ಲ. ಸುಮಾರು 1.8 ಕೋಟಿ ಆಟಿಕೆಗಳಲ್ಲಿದ್ದ ಪುಟ್ಟ ಅಯಸ್ಕಾಂತಗಳು ಕಳಚಿ ಬೀಳುವ ಭಯವಿತ್ತು. ಮಗು ಅಂಥ ಎರಡನ್ನು ನುಂಗಿದರೆ ಕರುಳಿನ ಆಚೆ ಒಂದು, ಈಚೆ ಒಂದು ನಿಂತು ಎಳೆದುಕೊಳ್ಳುತ್ತವೆ. ನಡುವೆ ಸಿಕ್ಕ ಕರುಳು ತೂತಾಗುತ್ತದೆ. ಆ ಅಯಸ್ಕಾಂತ ಹಾಗೆ ಕೂರಬೇಕೆಂದು ವಿನ್ಯಾಸ ಮಾಡಿದ್ದು ಕಾರ್ಖಾನೆಯಲ್ಲ, ಮ್ಯಾಟೆಲ್. ಸೆಪ್ಟೆಂಬರ್‌ನಲ್ಲಿ ಅದರ ಹಿರಿಯ ಅಧಿಕಾರಿಯೊಬ್ಬರು ಬೀಜಿಂಗ್‌ಗೆ ಹೋಗಿ ಕ್ಷಮೆ ಕೇಳಿದರು. ಬಹುಪಾಲು ತಪ್ಪು ನಮ್ಮ ವಿನ್ಯಾಸದ್ದೇ ಎಂದು ಒಪ್ಪಿಕೊಂಡರು.

ಹೊರಗೆ ತಯಾರಾಯಿತು ಅಂದಮಾತ್ರಕ್ಕೆ ತಪ್ಪೂ ಹೊರಗೇ ಹುಟ್ಟಿತು ಎನ್ನೋಕಾಗಲ್ಲ, ಅಲ್ವಾ?

ಬಣ್ಣದ ವಿಚಾರದಲ್ಲಿ ಮಾತ್ರ ತಪ್ಪು ಅಲ್ಲಿನದೇ. ಒಂದು ಆಟದ ಕಾರಿಗೆ ಬಣ್ಣ ಹಚ್ಚುವ ಕೆಲಸವನ್ನು, ಆರ್ಡರ್ ಪಡೆದ ಕಾರ್ಖಾನೆ ಇನ್ನೊಬ್ಬರಿಗೆ ವಹಿಸಿತ್ತು. ಅವರು ಹೇಳಿದ ಬಣ್ಣ ಬಿಟ್ಟು ಬೇರೆ ಕಡೆಯಿಂದ ತಂದದ್ದನ್ನು ಹಚ್ಚಿದರು. ಅವರನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಪೆಟ್ಟು ತಿಂದ ಮನೆಯವರು ಆ ಬಣ್ಣದವರನ್ನು ಎಲ್ಲಿ ಹುಡುಕಬೇಕು? ಯಾವ ಊರು, ಯಾವ ಭಾಷೆ, ಯಾವ ಕೋರ್ಟು?

ಡಬ್ಬಿ ಬಿಚ್ಚುವ ಮಾತು ಎತ್ತಿದ್ದೀರಿ. ಬಿಚ್ಚಿದರೂ ಸೀಸ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ತಮ್ಮನ ಕೈಯಲ್ಲಿರುವುದು ಅದಕ್ಕಿಂತ ದೊಡ್ಡದು. ಆರ್ಡರ್ ಅವರ ಕೈಯಲ್ಲಿದೆ. ಯಾವ ಬಣ್ಣ, ಯಾವ ಬ್ಯಾಟರಿ ಎಂದು ಬರೆದುಕೊಡಬಹುದು. ಕೆಲಸ ಬೇರೆಯವರಿಗೆ ವಹಿಸಬಾರದು ಎಂದು ಷರತ್ತು ಹಾಕಬಹುದು. ಮಾಲು ಹಡಗು ಹತ್ತುವ ಮೊದಲು ಪ್ರತಿ ಲಾಟ್‌ನಿಂದ, ಅಂದರೆ ಒಂದು ಸಲಕ್ಕೆ ತಯಾರಾದ ಕಂತಿನಿಂದ, ಕೆಲವನ್ನು ತೆಗೆದು ಲ್ಯಾಬ್‌ಗೆ ಕಳಿಸಬಹುದು. ಪ್ರತಿ ಲಾಟ್ ಎಂದು ಬೇಕೆಂದೇ ಬರೆದೆ. ಮೊದಲ ಸ್ಯಾಂಪಲ್ ಚೆನ್ನಾಗಿಯೇ ಇರುತ್ತದೆ, ರಿಪೋರ್ಟ್ ಕೂಡ ಅದರದ್ದೇ. ಬೆಲೆಯನ್ನು ಮತ್ತೆ ಮತ್ತೆ ಇಳಿಸಿ ಎಂದು ಹಿಂಡಿದರೆ, ಮುಂದಿನ ಲಾಟ್‌ಗಳಲ್ಲಿ ಸಾಮಗ್ರಿ ಸದ್ದಿಲ್ಲದೆ ಬದಲಾಗುತ್ತದೆ. ಆ ಚೌಕಾಸಿ ಮಾಡಿದವರು ಯಾರು? ಕೊಳ್ಳುವ ತಾಯಿಯಂತೂ ಅಲ್ಲ.

ಕಾನೂನುಗಳು ಇದನ್ನು ಎಂದೋ ಒಪ್ಪಿವೆ. 1985ರ ಯೂರೋಪಿನ ನಿಯಮವು ಹೊರಗಿನಿಂದ ತರಿಸಿದವರನ್ನೂ ತಯಾರಕರೆಂದೇ ಎಣಿಸಿತು. ತಯಾರಿಸಿದವರು, ತರಿಸಿದವರು ಯಾರೆಂದು ಗೊತ್ತಾಗದಿದ್ದರೆ ಹೊಣೆ ಮಾರಿದವರ ಮೇಲೆ. ತಮಗೆ ಮಾಲು ಕೊಟ್ಟವರ ಹೆಸರು ಹೇಳಿದರೆ ಮಾರಿದವರು ಪಾರು. ಅಮೆರಿಕ 2008ರಲ್ಲಿ ಕಾನೂನು ಬಿಗಿ ಮಾಡಿ, ಬಣ್ಣದಲ್ಲಿನ ಸೀಸದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ 600ರಿಂದ 90ಕ್ಕೆ ಇಳಿಸಿತು. ಹೊರಗಿನಿಂದ ಬರುವ ಮಕ್ಕಳ ವಸ್ತು ಲ್ಯಾಬ್ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಪ್ರಮಾಣಪತ್ರಕ್ಕೆ ತರಿಸಿದವರೇ ಹೊಣೆ.

ನನ್ನನ್ನು ಜಾಸ್ತಿ ಕಾಡುವುದು ಈಗಿನ ಇನ್ನೊಂದು ದಾರಿ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಪಾರ್ಸೆಲ್ ಹೊರದೇಶದಿಂದ ನೇರ ಮನೆ ಬಾಗಿಲಿಗೆ ಬರುತ್ತದೆ. ನಡುವೆ ತರಿಸಿದವರು ಎನ್ನುವವರೇ ಇಲ್ಲ. ಲೆಕ್ಕಕ್ಕೆ ಕೊಂಡವರೇ ಆಮದುದಾರರು! ಜಾಲತಾಣದವರು 'ನಾವು ಬರೀ ಜಾಗ ಕೊಟ್ಟವರು' ಎನ್ನುತ್ತಾರೆ. 2024ರ ಜುಲೈನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಈ ಮಾತನ್ನು ಒಪ್ಪಲಿಲ್ಲ. ವಿಷಾನಿಲ ಬಂದರೂ ಕೂಗದ ಅಲಾರಂ, ನೀರಿಗೆ ಬಿದ್ದರೆ ಶಾಕ್ ಹೊಡೆಯಬಹುದಾದ ಹೇರ್ ಡ್ರೈಯರ್, ಬೇಗ ಬೆಂಕಿ ಹಿಡಿಯುವ ಮಕ್ಕಳ ರಾತ್ರಿ ಉಡುಪು, ಹೀಗೆ 4 ಲಕ್ಷಕ್ಕೂ ಹೆಚ್ಚು ವಸ್ತುಗಳು ಅಮೆಜಾನ್ ಗೋದಾಮಿನಿಂದ ಹೋಗಿದ್ದವು. ಇಟ್ಟುಕೊಂಡು ಕಳಿಸಿಕೊಟ್ಟ ಮೇಲೆ ನೀವೂ ವಿತರಕರೇ ಎಂದಿತು ಆಯೋಗ. ಅಮೆಜಾನ್ ಒಪ್ಪದೆ ಕೋರ್ಟಿಗೆ ಹೋಗಿದೆ. ಯೂರೋಪಿನಲ್ಲಿ 2024ರ ಡಿಸೆಂಬರ್ 13ರಿಂದ ಅಲ್ಲೇ ನೆಲೆಸಿರುವ ಹೊಣೆಗಾರರೊಬ್ಬರ ಹೆಸರಿಲ್ಲದೆ ಹೀಗೆ ಹೊರಗಿನಿಂದ ಬರುವ ವಸ್ತು ಮಾರುವಂತಿಲ್ಲ. ಇದು ಎಲ್ಲ ಕಡೆ ಬರಬೇಕು ಎಂಬುದು ನನ್ನ ಆಸೆ.

ಇನ್ನು ಕೊಳ್ಳುವವರ ತಪ್ಪು. ಅಗ್ಗದ್ದು ಬೇಗ ಮುರಿಯಬಹುದು, ಬಣ್ಣ ಮಾಸಬಹುದು. ಅಷ್ಟನ್ನು ಒಪ್ಪಿಯೇ ಕೊಳ್ಳುತ್ತೇವೆ. ಬೆಂಕಿ ಹತ್ತಬಹುದು ಎಂದು ಒಪ್ಪಿ ಯಾರೂ ಕೊಳ್ಳುವುದಿಲ್ಲ. ಮ್ಯಾಟೆಲ್ ಹೆಸರು ನೋಡಿ ಕೊಂಡವರೂ ಮೋಸಹೋದರಲ್ಲ! ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ವಾಪಸ್ ಕೊಡಿ ಎಂದು ಪ್ರಕಟಣೆ ಬಂದ ಮೇಲೂ ಆ ವಸ್ತುವನ್ನು ಸುಮ್ನೆ ಬಳಸುವುದು, ಅಥವಾ ಇನ್ನೊಂದು ಮಗುವಿಗೆ ದಾಟಿಸುವುದು ಖಂಡಿತ ತಪ್ಪು.

ನಿಮ್ಮ ತಮ್ಮನಿಗೆ ಹೇಳಿ: ಹಳೆಯ ಸ್ಯಾಂಪಲ್‌ನ ರಿಪೋರ್ಟ್ ನಂಬಿ ಕೂರುವುದು ಬೇಡ. ಈಗ ಅಂಗಡಿಯಲ್ಲಿರುವ ಮಾಲು ಯಾವ ಲಾಟ್‌ನದು, ಅದರ ರಿಪೋರ್ಟ್ ಎಲ್ಲಿ ಎಂದು ಈ ವಾರವೇ ಬರೆದು ಕೇಳಲಿ. ಉತ್ತರ ಬರುವವರೆಗೆ ಮಕ್ಕಳ ವಸ್ತುಗಳನ್ನು ಮಾರಾಟದಿಂದ ತೆಗೆದಿಡಲಿ.